ನಂದಗಡದ ಆಲ, ಪ್ರಾಗ್‌ನ ತಾಮ್ರದ ತಗಡು

ಬೆಳಗಾವಿಯಿಂದ ಖಾನಾಪುರಕ್ಕೆ ಹೋದವರು ನಂದಗಡಕ್ಕೂ ಹೋಗಿ ಬರುವುದುಂಟು. 1831ರ ಜನವರಿ 26ರಂದು ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಅಲ್ಲಿಯೇ. ಸಮಾಧಿಯ ಬಳಿ ದೊಡ್ಡದೊಂದು ಆಲದ ಮರ. ಗೆಳೆಯನೊಬ್ಬ ನೆಟ್ಟದ್ದೆಂದು ಜನ ಹೇಳುತ್ತಾರೆ. ಜತೆಗೆ ಮಕ್ಕಳಿದ್ದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ರಾಯಣ್ಣ ಕ್ಯಾಲೆಂಡರಿನಲ್ಲಿ ಕಾಣುವ ಹಾಗೆಯೇ ಇದ್ದನೇ?

ಉತ್ತರಕ್ಕೆ ಸ್ವಲ್ಪ ಸುತ್ತು ಬಳಸಬೇಕು. ಖಾನಾಪುರದಿಂದ ಲೋಂಡಾ ದಾಟಿ, ಅನಮೋಡ ಘಟ್ಟ ಇಳಿದರೆ ಗೋವೆ. ಅಲ್ಲಿಯ ಕುಂಕಳ್ಳಿಯಲ್ಲಿ 1583ರ ಜುಲೈ 25ರಂದು, ಚರ್ಚಿಗೆ ಜಾಗ ನೋಡಲು ಬಂದ ಐವರು ಜೆಸ್ವಿಟರು ಊರವರ ಕೈಯಲ್ಲಿ ಹತರಾದರು. ಅವರ ಮುಖ್ಯಸ್ಥ ಇಟಲಿಯ ರುಡಾಲ್ಫೊ ಅಕ್ವಾವಿವಾ ಮೊದಲು ಅಕ್ಬರನ ಆಸ್ಥಾನದಲ್ಲಿದ್ದವನು. 1580ರಲ್ಲಿ ಅವನ ತಂಡ ಒಯ್ದ ಬೈಬಲಿನ ಅಚ್ಚುಚಿತ್ರಗಳನ್ನು ನೋಡಿ ಮೊಗಲ್ ಚಿತ್ರಕಾರರು ನಕಲು ತೆಗೆದರು. ಕೊನೆಗೆ ಅವನೇ ಅಚ್ಚುಚಿತ್ರವಾದ!

1675ರಲ್ಲಿ ಪ್ರಾಗ್ ನಗರದಲ್ಲಿ ಮತ್ತೀಯಾಸ್ ಟ್ಯಾನರ್ ಎಂಬ ಪಾದ್ರಿ, ಧರ್ಮಕ್ಕಾಗಿ ಮಡಿದ ಜೆಸ್ವಿಟರ ಸಚಿತ್ರ ಗ್ರಂಥ ಹೊರತಂದ. ಬಹುಪಾಲು ಚಿತ್ರಗಳನ್ನು ಕರೆಲ್ ಶ್ಕ್ರೇತಾ ಬರೆದುಕೊಟ್ಟ, ಮೆಲ್ಕಿಯೋರ್ ಕ್ಯೂಸೆಲ್ ತಾಮ್ರದ ತಗಡಿನಲ್ಲಿ ಕೊರೆದ. ಕೊರೆಯುವಾಗ ಎಡ ಬಲವಾಗಬೇಕು, ಬಲ ಎಡವಾಗಬೇಕು. ಆಮೇಲೆ ಗೀರುಗಳಲ್ಲಿ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹಾಸಿ, ಉರುಳೆಗಳ ನಡುವೆ ಒತ್ತಿದರೆ ಚಿತ್ರ ನೇರವಾಗಿ ಮೂಡುತ್ತದೆ. ಕುಂಕಳ್ಳಿಯ ಘಟನೆ ನಡೆದು ಆಗಲೇ 92 ವರ್ಷ. ಇಬ್ಬರು ಕಲಾವಿದರೂ ಈ ದೇಶ ಕಂಡವರಲ್ಲ. ಈಟಿ, ಕತ್ತಿ, ಮೊಣಕಾಲೂರಿದ ಪಾದ್ರಿ ಎಲ್ಲವೂ ಓದಿ ಕಲ್ಪಿಸಿಕೊಂಡದ್ದು.

ಅದಕ್ಕೂ ಮುನ್ನ ಪೋರ್ಚುಗೀಜರು ಆ ಊರಿನ ದೇವಾಲಯಗಳನ್ನು ಕೆಡವಿದ್ದರು. ಅನಂತರ ಊರ ಗಾಂವಕರರನ್ನು ಮಾತುಕತೆಗೆಂದು ಅಸೋಳ್ಣಾ ಕೋಟೆಗೆ ಕರೆಸಿ ಕೊಂದರು. ಆ ಸಾವುಗಳಿಗೆ ತಗಡು ಕೊರೆಯುವವರಿರಲಿಲ್ಲ. ಈಗ ಕುಂಕಳ್ಳಿಯಲ್ಲಿ ಅವರದೊಂದು ಸ್ಮಾರಕವಿದೆ.

ರಾಯಣ್ಣ ಮಡಿದದ್ದು ಧರ್ಮಕ್ಕಾಗಿ ಅಲ್ಲ, ಕಿತ್ತೂರಿಗಾಗಿ. ಆದರೂ ಚಿತ್ರದ ಮಟ್ಟಿಗೆ ಅವನು ಆ ಗಾಂವಕರರ ಸಾಲಿನವನೇ. ಫೋಟೋಗ್ರಫಿ ಲೋಕಕ್ಕೆ ಪರಿಚಯವಾದದ್ದು 1839ರಲ್ಲಿ, ಅವನು ಸತ್ತು ಎಂಟು ವರ್ಷಗಳ ಮೇಲೆ. ನಾವು ನೋಡುವ ಆ ಮೀಸೆ, ಪೇಟ, ಹಿರಿದ ಕತ್ತಿ ಎಲ್ಲ ಮುಂದಿನ ಚಿತ್ರಕಾರರ ಕಲ್ಪನೆ. ಅದು ತಪ್ಪೇನಲ್ಲ, ಕೇಳಿದ ಮಗುವಿಗೆ ಹಾಗೆಂದು ಹೇಳಿದರಾಯಿತು.

ನಂದಗಡದ ಜನ ಮಾತ್ರ ಚಿತ್ರಕ್ಕಾಗಿ ಕಾದು ಕೂತವರಲ್ಲ. ಮಕ್ಕಳಾಗಲೆಂದು ಹರಕೆ ಹೊತ್ತವರು ಬಂದು ಆ ಆಲದ ಕೊಂಬೆಗೆ ಪುಟ್ಟ ತೊಟ್ಟಿಲು ಕಟ್ಟಿ ಹೋಗುತ್ತಾರೆ.