ಕುರ್ಚಿ ಬಿಡೋದಕ್ಕೂ ತಯಾರಿ ಬೇಕು

ಸಂಸ್ಥೆ ಕಟ್ಟಿದವರ ಕಥೆಗಳನ್ನ ಬೇಕಾದಷ್ಟು ಓದಿದ್ದೇವೆ. ಕಟ್ಟಿದ್ದನ್ನ ಇನ್ನೊಬ್ಬರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದವರ ಕಥೆ ಅಷ್ಟಾಗಿ ಯಾರೂ ಹೇಳೋದಿಲ್ಲ. ಅಂಥದ್ದೊಂದು ಕಥೆ ಪುಣೆಯಲ್ಲಿದೆ.

ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ‘ಆಯುಕಾ’ ಅನ್ನೋ ಸಂಶೋಧನಾ ಕೇಂದ್ರ ಇದೆ. ಖಗೋಳ ಮತ್ತು ಖಭೌತ ವಿಜ್ಞಾನಕ್ಕಾಗಿ ಇರುವ ಅಂತರ ವಿಶ್ವವಿದ್ಯಾಲಯ ಕೇಂದ್ರ ಅದು. ದೊಡ್ಡ ಲೈಬ್ರರಿ, ಕಂಪ್ಯೂಟರ್, ದೂರದರ್ಶಕ ಇವೆಲ್ಲ ಪ್ರತಿ ವಿಶ್ವವಿದ್ಯಾಲಯಕ್ಕೂ ಕೈಗೆಟುಕೋದಿಲ್ಲ. ಹಾಗಾಗಿ ಎಲ್ಲರಿಗೂ ಸೇರಿ ಒಂದು ಜಾಗ ಇರಲಿ ಅಂತ 1988ರಲ್ಲಿ ಯುಜಿಸಿ ಇದನ್ನ ಶುರು ಮಾಡಿತು. ಸ್ಥಾಪಕ ನಿರ್ದೇಶಕರಾಗಿ ಬಂದವರು ಜಯಂತ್ ನಾರ್ಳೀಕರ್. ಆಗ ಅವರಿಗೆ 50 ವರ್ಷ. ಹದಿನೈದು ವರ್ಷ ನಡೆಸಿ, 2003ರಲ್ಲಿ 65 ತುಂಬಿದಾಗ ಕುರ್ಚಿ ಬಿಟ್ಟರು.

ಇದನ್ನೆಲ್ಲ ನಾನು ಹುಡುಕಿ ಓದೋದಕ್ಕೆ ಕಾರಣ ನಮ್ಮ ಸೋದರಮಾವ. ಅವರೂ ಒಂದು ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದ ಮುಖ್ಯಸ್ಥರು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಖಾಲಿ ಹುದ್ದೆಗಳು ತುಂಬಿಲ್ಲ, ಕೇಂದ್ರವನ್ನ ಬೇರೆ ವಿಭಾಗದ ಜೊತೆ ಸೇರಿಸೋ ಮಾತೂ ನಡೀತಿದೆ. ಮೊನ್ನೆ ಫೋನ್ ಮಾಡಿದಾಗ, “ನಾನು ಹೋದ ಮೇಲೆ ಲ್ಯಾಬಿಗೆ ಬೀಗ ಹಾಕ್ತಾರೆ ಕಣೋ” ಅಂದ್ರು. ಅಮ್ಮ ಪಕ್ಕದಿಂದಲೇ, “ಎರಡು ವರ್ಷ ಎಕ್ಸ್‌ಟೆನ್ಷನ್ ಕೇಳೋ” ಅಂದ್ಲು. ಸರಿ, ಕೊಟ್ಟರು ಅಂತಾನೇ ಇಟ್ಕೊಳ್ಳಿ. ಆ ಎರಡು ವರ್ಷ ಮುಗಿದ ಮೇಲೆ?

ಗುರು ಹೊರಟ ಬಗೆ

ನಾರ್ಳೀಕರ್ ಅವರು ಸಂಸ್ಥೆಯ ಬದಲಾವಣೆ ಕಾಲವನ್ನ ಚಿಕ್ಕ ವಯಸ್ಸಿನಲ್ಲೇ ಹತ್ತಿರದಿಂದ ನೋಡಿದ್ದರು. ಅವರ ಗುರು ಫ್ರೆಡ್ ಹಾಯ್ಲ್ 1960ರ ದಶಕದಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಖಗೋಳ ವಿಜ್ಞಾನಕ್ಕೆ ಒಂದು ಸಂಸ್ಥೆ ಕಟ್ಟಿದರು. ನಾರ್ಳೀಕರ್ ಅಲ್ಲಿ ಮೊದಲ ದಿನಗಳಿಂದ ಕೆಲಸ ಮಾಡಿದವರು. ಆಮೇಲೆ ವಿಶ್ವವಿದ್ಯಾಲಯದ ಒಳಜಗಳಗಳು ಶುರುವಾದವು. 1972ರಲ್ಲಿ ಆ ಸಂಸ್ಥೆಯನ್ನ ಅಲ್ಲಿನ ವೀಕ್ಷಣಾಲಯದ ಜೊತೆ ಸೇರಿಸಿದರು. ಹಾಯ್ಲ್ ಬೇಸತ್ತು ರಾಜೀನಾಮೆ ಕೊಟ್ಟು ಹೊರಟರು. ಅದೇ ವರ್ಷ ನಾರ್ಳೀಕರ್ ಭಾರತಕ್ಕೆ ವಾಪಸ್ ಬಂದು ಮುಂಬೈನ ಟಿಐಎಫ್‌ಆರ್ ಸೇರಿದರು.

ಸಂಸ್ಥೆ ಮಾತ್ರ ಉಳೀತು. ಈಗ ಅದರ ಎದುರು ಹಾಯ್ಲ್ ಅವರ ಪ್ರತಿಮೆಯೂ ಇದೆ. ಆದರೆ ಕಟ್ಟಿದವರಿಗೆ ನೆಮ್ಮದಿಯಿಂದ ಬಿಟ್ಟುಕೊಡುವ ಭಾಗ್ಯ ಸಿಗಲಿಲ್ಲ.

ಅಭಿಪ್ರಾಯ ತಮ್ಮದು, ಸಂಸ್ಥೆ ಎಲ್ಲರದು

ಆಯುಕಾದ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದು. ನಾರ್ಳೀಕರ್ ಕೊನೆಯವರೆಗೂ ಬಿಗ್ ಬ್ಯಾಂಗ್ ಸಿದ್ಧಾಂತವನ್ನ ಒಪ್ಪಿದವರಲ್ಲ. ಹಾಯ್ಲ್ ಮತ್ತು ಜೆಫ್ರಿ ಬರ್ಬಿಡ್ಜ್ ಜೊತೆ ಸೇರಿ 1993ರಲ್ಲಿ ತಮ್ಮದೇ ಪರ್ಯಾಯ ಸಿದ್ಧಾಂತ ಮಂಡಿಸಿದ್ದರು. ಅವರು ಮನಸ್ಸು ಮಾಡಿದ್ದರೆ ತಮ್ಮ ಮಾತಿಗೆ ಹೂಂಗುಟ್ಟುವವರನ್ನೇ ತುಂಬಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಬಿಗ್ ಬ್ಯಾಂಗ್ ಚೌಕಟ್ಟಿನಲ್ಲೇ ಕೆಲಸ ಮಾಡುತ್ತಿದ್ದ ಥಾಣು ಪದ್ಮನಾಭನ್ ಅವರಂಥವರು ಅಲ್ಲಿಗೆ ಬಂದು ಬೆಳೆದರು. ಬಿಗ್ ಬ್ಯಾಂಗಿಗೆ ದೊಡ್ಡ ಪುರಾವೆ ಅನಿಸಿಕೊಂಡ ಹಿನ್ನೆಲೆ ವಿಕಿರಣದ ಸಂಶೋಧನೆಯೂ ಅದೇ ಕಟ್ಟಡದಲ್ಲಿ ನಡೆಯಿತು.

ನಿರ್ದೇಶಕರ ಅಭಿಪ್ರಾಯವೇ ಸಂಸ್ಥೆಯ ಅಭಿಪ್ರಾಯ ಆಗಿಬಿಟ್ಟರೆ, ಅವರು ಹೋದ ದಿನ ಸಂಸ್ಥೆಗೆ ಹೇಳೋದಕ್ಕೆ ಏನೂ ಉಳಿಯೋದಿಲ್ಲ. ಆಯುಕಾಗೆ ಆ ಸಮಸ್ಯೆ ಬರಲಿಲ್ಲ.

ಮುಂದಿನವರು ಮೊದಲೇ ಒಳಗಿದ್ದರು

2003ರಲ್ಲಿ ನಿರ್ದೇಶಕರಾದವರು ನರೇಶ್ ದಾಧೀಚ್, 2009ರಲ್ಲಿ ಅಜಿತ್ ಕೆಂಭಾವಿ. ಇಬ್ಬರೂ ಶುರುವಿನಿಂದ ನಾರ್ಳೀಕರ್ ಜೊತೆಗಿದ್ದು ಕೇಂದ್ರ ಕಟ್ಟಿದವರೇ. ಅಂದರೆ ಸ್ಥಾಪಕರು ಹೋದ ಮೇಲೂ ಹನ್ನೆರಡು ವರ್ಷ, ಯಾವ ನಿರ್ಧಾರ ಯಾಕೆ ತಗೊಂಡಿದ್ದು ಅಂತ ಗೊತ್ತಿದ್ದವರ ಕೈಯಲ್ಲೇ ಸಂಸ್ಥೆ ಇತ್ತು.

ನಮ್ಮ ಐಟಿ ಕಡೆ ಇದಕ್ಕೆ ‘ಕೆಟಿ’ ಅಂತೀವಿ. ಯಾರಾದರೂ ರಿಸೈನ್ ಮಾಡಿದರೆ ನೋಟಿಸ್ ಪೀರಿಯಡ್‌ನ ಕೊನೆಯಲ್ಲಿ ಗಡಿಬಿಡಿಯಿಂದ ಕೂತು ಪಾಸ್‌ವರ್ಡ್, ಡಾಕ್ಯುಮೆಂಟ್ ಎಲ್ಲ ದಾಟಿಸೋದು. ಕೋಡ್ ಹೇಗೆ ಓಡುತ್ತೆ ಅನ್ನೋದನ್ನ ಹಾಗೆ ಕಲಿಸಬಹುದು. ಅದನ್ನ ಹಾಗೇ ಯಾಕೆ ಬರೆದರು ಅನ್ನೋದು ಜೊತೆಯಲ್ಲಿ ಕೆಲಸ ಮಾಡಿದವರಿಗಷ್ಟೇ ಗೊತ್ತಿರುತ್ತೆ.

ಇನ್ನೊಂದು ವಿಷಯ, ಕೆಲಸದ ಅಳತೆ. ಆಯುಕಾದಲ್ಲಿ ಸಂಜೀವ್ ಧುರಂಧರ್ ಮತ್ತು ಬೆಂಗಳೂರಿನ ಐಐಎಸ್‌ಸಿಯಲ್ಲಿ ಪಿಎಚ್‌ಡಿ ಮಾಡಿದ್ದ ಬಿ.ಎಸ್. ಸತ್ಯಪ್ರಕಾಶ್, ಗದ್ದಲದ ನಡುವೆ ಗುರುತ್ವ ಅಲೆಯ ಕ್ಷೀಣ ಸಿಗ್ನಲ್ ಹುಡುಕೋ ಫಿಲ್ಟರ್‌ಗಳ ಬಗ್ಗೆ 1991ರಲ್ಲೇ ಪ್ರಬಂಧ ಬರೆದಿದ್ದರು. ಅಂಥ ಅಲೆ ನಿಜವಾಗಿ ಸಿಕ್ಕಿದ್ದು 2015ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಲೈಗೋ ಯಂತ್ರಗಳಲ್ಲಿ. ಪುಣೆಯಿಂದ ಸುಮಾರು 80 ಕಿ.ಮೀ. ದೂರದ ಗಿರವಲಿಯಲ್ಲಿರುವ 2 ಮೀಟರ್ ದೂರದರ್ಶಕದ ಯೋಜನೆ ಶುರುವಾಗಿದ್ದು ನಾರ್ಳೀಕರ್ ಕಾಲದಲ್ಲಿ, ಉದ್ಘಾಟನೆ ಆಗಿದ್ದು 2006ರಲ್ಲಿ. ಫಲ ಬರೋ ಹೊತ್ತಿಗೆ ತಾವು ಕುರ್ಚಿಯಲ್ಲಿ ಇರೋದಿಲ್ಲ ಅಂತ ಗೊತ್ತಿದ್ದೂ ಇಂಥ ಕೆಲಸಕ್ಕೆ ಜಾಗ ಮಾಡಿಕೊಡಬೇಕಾಗುತ್ತೆ.

ನಿವೃತ್ತಿಯ ನಂತರವೂ ಅವರು ಅಲ್ಲೇ ಗೌರವ ಪ್ರಾಧ್ಯಾಪಕರಾಗಿದ್ದರು. ಬರೆದರು, ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದರು. 2025ರ ಮೇ 20ರಂದು ತೀರಿಕೊಂಡಾಗ, ಕುರ್ಚಿ ಬಿಟ್ಟು 22 ವರ್ಷ ಆಗಿತ್ತು.

ಹದಿನಾಲ್ಕು ತಿಂಗಳಲ್ಲಿ ಏನಾಗುತ್ತೆ?

ಎಲ್ಲರಿಗೂ ಇದು ಸಾಧ್ಯವಾ? ಆಯುಕಾ ಶುರುವಾದಾಗ ಯುಜಿಸಿ ಅಧ್ಯಕ್ಷರಾಗಿದ್ದವರು ಸ್ವತಃ ವಿಜ್ಞಾನಿ ಯಶ್ ಪಾಲ್. ಬೆನ್ನ ಹಿಂದೆ ಅಂಥ ಬೆಂಬಲ ಇತ್ತು. ನಮ್ಮ ಮಾವನ ಹಿಂದೆ ಇರೋದು ಖಾಲಿ ಹುದ್ದೆಗಳ ಪಟ್ಟಿ. ತಮ್ಮ ನಂತರ ಯಾರು ಅಂತ ತೀರ್ಮಾನ ಮಾಡೋ ಅಧಿಕಾರವೂ ಅವರಿಗಿಲ್ಲ.

ಆದರೂ ಕೆಲವು ಅವರ ಕೈಯಲ್ಲೇ ಇವೆ. ಹಣಕಾಸಿನ ಸಭೆಗೆ ಕಿರಿಯ ಸಹೋದ್ಯೋಗಿಯನ್ನ ಜೊತೆಗೆ ಕರಕೊಂಡು ಹೋಗೋದು. ಅನುದಾನದ ಅರ್ಜಿಯಲ್ಲಿ ಅವರ ಹೆಸರು ಮೊದಲು ಹಾಕೋದು. ಯಾವ ಕಚೇರಿಯಲ್ಲಿ ಯಾರನ್ನ ಕೇಳಿದರೆ ಕೆಲಸ ಆಗುತ್ತೆ ಅಂತ ಬರೆದಿಡೋದು. ವಿಭಾಗ ವಿಲೀನ ಆಗೋದೇ ಆದರೆ ಯಾವ ಕೆಲಸ ನಿಲ್ಲಬಾರದು ಅನ್ನೋದನ್ನ ಈಗಲೇ ಕಡತಕ್ಕೆ ಸೇರಿಸೋದು. ಇದಕ್ಕೆಲ್ಲ ಯಾರ ಮಂಜೂರಾತಿಯೂ ಬೇಡ.

ನಿಮ್ಮ ಮನೆಯಲ್ಲೂ ಅಪ್ಪನೋ ಅಮ್ಮನೋ ಚಿಕ್ಕಪ್ಪನೋ ನಿವೃತ್ತಿಯ ಹತ್ತಿರ ಇರಬಹುದು. “ರಿಟೈರ್ ಆದ ಮೇಲೆ ಏನು ಮಾಡ್ತೀರ?” ಅಂತ ಎಲ್ಲರೂ ಅವರನ್ನ ಕೇಳ್ತಿರ್ತಾರೆ. ಈ ವಾರ ಒಮ್ಮೆ, “ನಿಮ್ಮ ಕೆಲಸ ಆಫೀಸಲ್ಲಿ ಇನ್ಯಾರಿಗೆ ಗೊತ್ತಿದೆ?” ಅಂತ ಕೇಳಿ ನೋಡಿ. ಸ್ವಲ್ಪ ಹೊತ್ತು ಸುಮ್ಮನಿರ್ತಾರೆ. ಆಮೇಲೆ ಮಾತು ಶುರುವಾದರೆ ಬೇಗ ಮುಗಿಯೋದಿಲ್ಲ, ಟೀ ಇಟ್ಟುಕೊಂಡು ಕೂತ್ಕೊಳ್ಳಿ.