ಹಿಮಾಲಯ ಕಾಣಬೇಕೇ? ಎಡಗಡೆ ಕೂರಿ

ಅತ್ತೆಯನ್ನೋ ಅಮ್ಮನನ್ನೋ ಪಶುಪತಿನಾಥನ ದರ್ಶನಕ್ಕೆ ಕರೆದೊಯ್ಯುವ ಯೋಚನೆ ಇದೆಯಾ? ದೆಹಲಿಯಿಂದ ಕಠ್ಮಂಡುವಿಗೆ ವಿಮಾನ ಅಂತಾದರೆ ಟಿಕೆಟ್ ಜತೆಗೆ ಸೀಟಿನ ಬಗ್ಗೆಯೂ ಸ್ವಲ್ಪ ತಲೆ ಕೆಡಿಸಿಕೊಳ್ಳಿ. ವಯಸ್ಸಾದವರಿಗೆ ಇಂಥ ಪ್ರಯಾಣ ಮತ್ತೆ ಮತ್ತೆ ಒದಗುವುದಿಲ್ಲ.

ಲೆಕ್ಕ ಸುಲಭ. ವಿಮಾನ ಹೋಗುವುದು ಪೂರ್ವದ ಕಡೆಗೆ, ಹಿಮಾಲಯ ಇರುವುದು ಉತ್ತರಕ್ಕೆ. ಅಂದರೆ ನಿಮ್ಮ ಎಡಗಡೆ. ಎರಡೂ ಬದಿ ಮೂರು ಮೂರು ಸೀಟಿರುವ ವಿಮಾನದಲ್ಲಿ ಎಡಕಿಟಕಿಗೆ ‘ಎ’, ಬಲಕಿಟಕಿಗೆ ‘ಎಫ್’ ಎಂದು ಗುರುತು. ಹೋಗುವಾಗ ‘ಎ’ ಕೇಳಿ, ಬರುವಾಗ ‘ಎಫ್’. ಆಕಾಶ ತಿಳಿಯಾಗಿದ್ದರೆ 8,167 ಮೀಟರ್ ಎತ್ತರದ ಧೌಲಗಿರಿ, ಅದರಾಚೆ ಅನ್ನಪೂರ್ಣ ಬೆಳ್ಳಗೆ ಕಾಣುತ್ತವೆ. ಎವರೆಸ್ಟ್ ಕಠ್ಮಂಡುವಿಗಿಂತ ಇನ್ನೂ ಪೂರ್ವಕ್ಕಿದೆ, ಅದರ ಆಸೆ ಹೆಚ್ಚು ಬೇಡ. ಮಳೆಗಾಲದಲ್ಲಂತೂ ಬರೀ ಮೋಡ. ಅಕ್ಟೋಬರ್, ನವೆಂಬರ್ ಒಳ್ಳೆಯದು.

ಕಿಟಕಿ ಸಿಕ್ಕಿತು ಅಂತ ನಿಶ್ಚಿಂತರಾಗಬೇಡಿ. ನಡುವಿನ ಸಾಲುಗಳಲ್ಲಿ ರೆಕ್ಕೆಯೇ ಅಡ್ಡ. ರೆಕ್ಕೆಯ ಹಿಂದೆ ಕೂತರೆ ಎಂಜಿನ್ನಿನ ಬಿಸಿಗಾಳಿಗೆ ನೋಟ ನಡುಗಿದಂತೆ ಕಾಣುತ್ತದೆ. ಆದಷ್ಟು ಮುಂದಿನ ಸಾಲು ಹಿಡಿಯಿರಿ. ಮಂಡಿನೋವಿನವರಿಗೆ ಕಿಟಕಿಯಿಂದ ಎದ್ದು ಬರುವುದು ಕಷ್ಟ, ಹತ್ತುವ ಮುಂಚೆಯೇ ಶೌಚಾಲಯಕ್ಕೆ ಹೋಗಿಬರಲಿ. ಪಕ್ಕದಲ್ಲಿ ನೀವು ಕೂರಿ.

ಇಷ್ಟದ ಸೀಟಿಗೆ ಕೆಲವು ಕಂಪನಿಗಳು ಬೇರೆ ದುಡ್ಡು ಕೇಳುತ್ತವೆ. ಕೊಡಿ ಅನ್ನುತ್ತೇನೆ ನಾನು. ಏರ್‌ಪೋರ್ಟಿನ ದುಬಾರಿ ಕಾಫಿ ಬಿಟ್ಟರಾಯ್ತು! ವಾಪಸು ಬರುವುದು ರಾತ್ರಿಯಾದರೆ ಮಾತ್ರ ಆ ಖರ್ಚು ಬೇಡ, ಕತ್ತಲಲ್ಲಿ ಬೆಟ್ಟ ಕಾಣುವುದಿಲ್ಲ.