ಓದುಗರಿಗೆ ಏನು ಬೇಕು? ಉತ್ತರ ಸಿಕ್ಕಿದ್ದು ಲಾಂಡ್ರಿ ಕೋಣೆಯಲ್ಲಿ

ಲಂಡನ್: ಇಲ್ಲಿನ ವಿದ್ಯಾರ್ಥಿ ಪತ್ರಿಕೆ ಎಂದರೆ ನಮ್ಮ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಬರುವ, ಗ್ರೂಪ್ ಫೋಟೊ ನೋಡಿ ಎತ್ತಿಡುವ ಸಂಚಿಕೆಯಂತಲ್ಲ. ಇಂಪೀರಿಯಲ್ ಕಾಲೇಜಿನ 'ಫೆಲಿಕ್ಸ್', ಎಲ್‌ಎಸ್‌ಇಯ 'ದಿ ಬೀವರ್' ಎರಡೂ 1949ರಲ್ಲಿ ಶುರುವಾದವು. ಫೆಲಿಕ್ಸ್‌ನ ಸಂಪಾದಕರನ್ನು ವಿದ್ಯಾರ್ಥಿಗಳೇ ಮತ ಹಾಕಿ ಆರಿಸುತ್ತಾರೆ. ಗೆದ್ದವರಿಗೆ ಸಂಬಳವೂ ಉಂಟು. ಅದಕ್ಕೂ ಹಿಂದೆ, ಇಂಪೀರಿಯಲ್‌ನಲ್ಲಿ ಮುಂದೆ ವಿಲೀನವಾದ ವಿಜ್ಞಾನ ಕಾಲೇಜೊಂದರ ಪತ್ರಿಕೆಯಲ್ಲಿ ಎಚ್.ಜಿ. ವೆಲ್ಸ್ 1888ರಲ್ಲಿ ಬರೆದ ಕಥೆಯೇ ಬೆಳೆದು 'ದಿ ಟೈಮ್ ಮೆಷಿನ್' ಕಾದಂಬರಿಯಾಯಿತು.

ಇಂಥ ಪತ್ರಿಕೆಗಳಿಗೆ ಒಂದು ತೊಡಕಿದೆ. ಪ್ರತಿ ಉಚಿತ. ದುಡ್ಡು ಕೊಟ್ಟು ಕೊಳ್ಳದ ಓದುಗ ಮುನಿಸಿಕೊಂಡರೂ ಗೊತ್ತಾಗುವುದಿಲ್ಲ. ಹಾಗಾಗಿ ಕೇಳಿಯೇ ತಿಳಿಯಬೇಕು.

ನಾನು ಇಲ್ಲಿ ಎಂ.ಎಸ್ಸಿ ಓದುವಾಗ ಒಂದು ಸಣ್ಣ ಪತ್ರಿಕೆಗೆ ಆ ಕೆಲಸ ಮಾಡಿದ್ದೆ. ಮೊದಲು ಫಾರಂ ಹಂಚಿದೆವು. ಸಿನಿಮಾ ಬೇಕು, ರಾಜಕೀಯ ಬೇಕು, ವ್ಯಂಗ್ಯಚಿತ್ರ ಬೇಕು ಎಂದು ಬರೆದುಕೊಟ್ಟರು. ನೋಡಿದರೆ, ಫಾರಂ ತುಂಬಿದವರಲ್ಲಿ ಹೆಚ್ಚಿನವರು ಪತ್ರಿಕೆಯವರ ಸ್ನೇಹಿತರೇ! ಒಂದೇ ವರ್ಷದ ಕೋರ್ಸಿಗೆ ಬಂದ ನಮ್ಮ ಕಡೆಯವರು ಕ್ಲಾಸು ಮುಗಿದ ತಕ್ಷಣ ಪಾರ್ಟ್‌ಟೈಮ್ ಕೆಲಸಕ್ಕೆ ಓಡುತ್ತಿದ್ದರು. ಅವರ ಕೈಗೆ ಫಾರಂ ಸಿಕ್ಕಿರಲೇ ಇಲ್ಲ.

ಅವರು ಸಿಗುತ್ತಿದ್ದುದು ಹಾಸ್ಟೆಲಿನ ಲಾಂಡ್ರಿ ಕೋಣೆಯಲ್ಲಿ. ಮೆಷಿನ್ ನಿಲ್ಲುವ ತನಕ ಕೂರಲೇಬೇಕಲ್ಲ. ಭಾನುವಾರ ಸಂಜೆ ಅಲ್ಲಿಗೆ ಹೋಗಿ ಕುಳಿತೆ. "ಪತ್ರಿಕೆಯಲ್ಲಿ ಏನು ಬೇಕು?" ಎಂದರೆ "ಎಲ್ಲಾ ಚೆನ್ನಾಗಿದೆ ಅಕ್ಕಾ" ಎನ್ನುತ್ತಿದ್ದರು. "ಇಲ್ಲಿಗೆ ಬಂದ ಮೇಲೆ ಏನು ಗೊತ್ತಿಲ್ಲದೆ ಪೇಚಿಗೆ ಸಿಕ್ಕಿದಿರಿ?" ಎಂದು ಕೇಳಿದೆ ನೋಡಿ, ಮಾತು ನಿಲ್ಲಲಿಲ್ಲ.

ದಾವಣಗೆರೆ ಕಡೆಯ ಹುಡುಗನೊಬ್ಬ ಫೋಟೊ ನೋಡಿಯೇ ರೂಮಿಗೆ ಅಡ್ವಾನ್ಸ್ ಕಟ್ಟಿದ್ದ. ಬಂದು ನೋಡಿದರೆ ಆ ವಿಳಾಸದಲ್ಲಿ ಬೇರೆ ಯಾರೋ ಇದ್ದರು. ಮನೆಯಲ್ಲಿ ಅಪ್ಪನಿಗೆ ಅವನು ಇನ್ನೂ ಹೇಳಿರಲಿಲ್ಲ. ಇನ್ನೊಬ್ಬಳಿಗೆ ಕೆಲಸದ ಗಂಟೆಗಳ ಚಿಂತೆ. ಪದವಿ, ಎಂ.ಎಸ್ಸಿ ಓದುವವರು ಸ್ಟೂಡೆಂಟ್ ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಆ ವಾರ ಸೋಮವಾರದಿಂದ ಭಾನುವಾರದವರೆಗೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಎರಡು ಅಂಗಡಿಗಳಲ್ಲಿ ಕೆಲಸ ಮಾಡಿದರೆ ಎರಡನ್ನೂ ಕೂಡಿಸಬೇಕು. ಲೆಕ್ಕ ತಪ್ಪಿದರೆ ವೀಸಾಕ್ಕೇ ಕುತ್ತು.

ಮುಂದಿನ ಸಂಚಿಕೆಯಲ್ಲಿ ಸಿನಿಮಾ ಪುಟ ತೆಗೆದು ಬಾಡಿಗೆ ಪುಟ ಹಾಕಿದೆವು. ಸಿನಿಮಾ ಬರೆಯುತ್ತಿದ್ದವನು ಎರಡು ವಾರ ನನ್ನ ಜೊತೆ ಮಾತು ಬಿಟ್ಟ. ಇಂಗ್ಲೆಂಡಿನ ಕಾನೂನಿನಂತೆ ಸಾಮಾನ್ಯವಾಗಿ ಅಡ್ವಾನ್ಸ್ ಐದು ವಾರದ ಬಾಡಿಗೆ ಮೀರಬಾರದು. ಮನೆಯನ್ನೋ ರೂಮನ್ನೋ ಬಾಡಿಗೆಗೆ ಕೊಟ್ಟ ಮಾಲೀಕರು ಆ ಹಣವನ್ನು 30 ದಿನದೊಳಗೆ ಸರ್ಕಾರ ಮಾನ್ಯ ಮಾಡಿದ ಯೋಜನೆಯಲ್ಲಿ ಭದ್ರಪಡಿಸಬೇಕು. ಆದರೆ ಮಾಲೀಕರೇ ಅದೇ ಮನೆಯಲ್ಲಿದ್ದು ಒಂದು ಕೋಣೆ ಕೊಟ್ಟಿದ್ದರೆ ಈ ಭದ್ರತೆಯ ನಿಯಮ ಅನ್ವಯಿಸುವುದಿಲ್ಲ. ನಮ್ಮವರಲ್ಲಿ ಅನೇಕರು, ಊರಿನವರು ಎಂಬ ನಂಬಿಕೆಯಿಂದ, ಇರುವುದು ಹೀಗೆಯೇ. ರಸೀದಿ ಪಡೆಯಲು ಸಂಕೋಚ ಬೇರೆ.

ಆ ಪುಟವನ್ನು ಯಾರೋ ಕತ್ತರಿಸಿ ಲಾಂಡ್ರಿ ಕೋಣೆಯ ಗೋಡೆಗೆ ಅಂಟಿಸಿದ್ದರು. ದಾವಣಗೆರೆ ಹುಡುಗ ಅದರ ಫೋಟೊ ತೆಗೆದು ಅಪ್ಪನಿಗೆ ಕಳಿಸಿದ. ಹೋದ ಹಣದ ವಿಷಯ ಹೇಳಲು ಅವನಿಗೆ ಅದೇ ಪೀಠಿಕೆಯಾಯಿತು.